ಉಪದೇಶಿ ಪಿಳ್ಳಪ್ಪನವರ ಬೆರಳುಗಳು

ಉಪದೇಶಿ ಪಿಳ್ಳಪ್ಪನವರ ಬೆರಳುಗಳು ಸುಮ್ಮನಿದ್ದುದನ್ನು ನಾನು ಬಹುಕಾಲ ನೋಡಿರಲೇ ಇಲ್ಲ. ಮಾತನಾಡುವಾಗ ಕುರ್ಚಿಯ ತೋಳಿನ ಮೇಲೆ, ಬಸ್ಸಿಗೆ ಕಾಯುವಾಗ ತಮ್ಮದೇ ತೊಡೆಯ ಮೇಲೆ, ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಸತ್ಯವೇದದ ಕರಿ ರಟ್ಟಿನ ಮೇಲೆ ಅವು ಏನನ್ನೋ ಬಾರಿಸುತ್ತಲೇ ಇರುತ್ತಿದ್ದವು. ಬಲಗೈಯದು ಭಾರವಾದ ಪೆಟ್ಟು, ಎಡಗೈಯದು ಚುರುಕಾದ ಮರುಪೆಟ್ಟು. ತುಟಿಗಳು ದೇವರೊಡನೆ ಮಾತಿಗಿಳಿದಿದ್ದರೆ ಬೆರಳುಗಳು ಇನ್ನಾರೊಡನೆಯೋ ಮಾತಿಗಿಳಿದಿರುತ್ತಿದ್ದವು. ಅವರಿಗೆ ಇದರ ಪರಿವೆಯೇ ಇರುತ್ತಿರಲಿಲ್ಲ. ಯಾರಾದರೂ ಎತ್ತಿ ತೋರಿಸಿದರೆ ಮಾತ್ರ ಕದ್ದು ಸಿಕ್ಕಿಬಿದ್ದವರಂತೆ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಳ್ಳುತ್ತಿದ್ದರು.

ಆ ಕೋಟಿನದೇ ಒಂದು ಕಥೆ. ಅದು ಪೇಟೆಯ ಚರ್ಚಿನ ಹಿರಿಯರಾದ ಸಮುವೇಲಪ್ಪನವರು ತೊಟ್ಟು ಹಳತಾದ ಮೇಲೆ ಕೊಟ್ಟದ್ದು. ನಿವೃತ್ತ ಹೆಡ್‌ಮಾಸ್ತರರಾದ ಅವರದು ಗುಡಾಣದಂಥ ಮೈಕಟ್ಟು. ಪಿಳ್ಳಪ್ಪನವರದು ಒಣಗಿದ ಕಡ್ಡಿ. ತೋಳುಗಳನ್ನು ಒಳಕ್ಕೆ ಮಡಿಸಿ ಹೊಲಿಸಿಕೊಂಡಿದ್ದರೂ ಹೆಗಲು ಎರಡೂ ಕಡೆ ಜೋತುಬಿದ್ದು, ಕೋಟೇ ಅವರನ್ನು ಹೊತ್ತುಕೊಂಡು ತಿರುಗುತ್ತಿದೆಯೇನೋ ಅನ್ನಿಸುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲೂ ಅದನ್ನು ಕಳಚಿದವರಲ್ಲ. "ದೊಡ್ಡೋರು ಕೊಟ್ಟಿದ್ದು ಸಾರ್. ಹಾಕ್ಕೊಳ್ದೆ ಹೋದ್ರೆ ಏನಂದ್ಕೋತಾರೋ" ಎನ್ನುತ್ತಿದ್ದರು. ಆ ಮಾತನ್ನು ನಾನು ಆಗ ಬರಿಯ ವಿನಯವೆಂದುಕೊಂಡೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಜಯನಗರದ ರಸ್ತೆಗಳಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲದಲ್ಲಿ, ಅವರು ನಮ್ಮ ಗೇಟಿಗೆ ಬಂದರು. ಪಕ್ಕದ ಮನೆಯ ಗೇಟಿನಲ್ಲಿ ನಾಯಿ ಇದೆ ಎಂಬ ಹಲಗೆ ಇತ್ತು. ಹಲಗೆಯಷ್ಟು ಸಭ್ಯತೆ ಆ ನಾಯಿಗೆ ಇರಲಿಲ್ಲ. ಪೋಸ್ಟ್‌ಮ್ಯಾನ್ ಕೂಡ ಕಾಗದವನ್ನು ಕಾಂಪೌಂಡಿನ ಮೇಲಿಂದ ಎಸೆದು ಹೋಗುತ್ತಿದ್ದ ಆ ಮನೆಯೊಳಕ್ಕೆ ಪಿಳ್ಳಪ್ಪನವರು ನೇರವಾಗಿ ನಡೆದು, ನಾಯಿಯನ್ನು 'ಬಾಪ್ಪಾ' ಎಂದು ಮಾತನಾಡಿಸಿ, ಮನೆಯವರ ಕೈಗೆ ಒಂದು ಕರಪತ್ರವಿಟ್ಟರು. ಮನೆಯವರು ಅದನ್ನು ಅಲ್ಲೇ ಹರಿದು ಬಿಸಾಡಿದರು. ಇವರು ಚೂರುಗಳನ್ನೆಲ್ಲ ಆಯ್ದುಕೊಂಡು, ಅದೇ ಮನೆಯವರನ್ನು ಕುಡಿಯಲು ನೀರು ಕೇಳಿದರು, ಅವರು ಕೊಟ್ಟರು. ನಮ್ಮ ಜಗಲಿಗೆ ಬಂದು ಕೂತಾಗ ನಾನು, ಅವರ ಧರ್ಮದವನಲ್ಲದಿದ್ದರೂ, ಆ ಧೈರ್ಯಕ್ಕೆ ಮನಸೋತಿದ್ದೆ. "ಓದಿ ಬಿಸಾಕಿ ಸಾರ್, ಬೇಜಾರಿಲ್ಲ. ಓದ್ದೆ ಬಿಸಾಕ್ಬೇಡಿ" ಎಂದು ನನಗೂ ಒಂದು ಕೊಟ್ಟರು. ಬಿಳೇಕಹಳ್ಳಿಯಲ್ಲಿ ಅವರ ಮೇಲೆ ಕಲ್ಲು ಬಿದ್ದಿತ್ತು, ವಸಂತಪುರದಲ್ಲಿ ಸಗಣಿನೀರು ಬಿದ್ದಿತ್ತು. ಹೇಳುವಾಗ ಎರಡಕ್ಕೂ ನಗುತ್ತಿದ್ದರು.

ಅವರು ಉತ್ತರಹಳ್ಳಿಯ ಕೇರಿಯವರು. ತಂದೆ ಪಾಪಯ್ಯ ಊರಿನ ತಮಟೆಯವನು. ಯಾರ ಮನೆಯಲ್ಲಿ ಸಾವಾದರೂ ಕೇರಿಗೆ ಆಳು ಬರುತ್ತಿದ್ದ. ಪಾಪಯ್ಯ ಹುಲ್ಲುರಿಯಲ್ಲಿ ತಮಟೆ ಕಾಯಿಸಿ, ಚರ್ಮ ಬಿಗಿದು ಗಣಗಣಿಸತೊಡಗಿದ ಮೇಲೆ ಹೆಗಲಿಗೆ ಹಾಕಿಕೊಂಡು, ಹೆಣದ ಮುಂದೆ ಬಾರಿಸುತ್ತ ನಡೆಯುತ್ತಿದ್ದ. ಪಿಳ್ಳಪ್ಪನವರೂ ನಡಿಗೆ ಕಲಿತದ್ದು ಆ ಮೆರವಣಿಗೆಗಳಲ್ಲೇ. ಅದಕ್ಕೇ ಇರಬೇಕು, ಜೊತೆಗೆ ಹೊರಟರೆ ಅವರು ಎಂದೂ ಪಕ್ಕದಲ್ಲಿ ನಡೆದವರಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಆಗಾಗ ಅರೆತಿರುಗಿ, ನಾವು ಬರುತ್ತಿದ್ದೇವೆಯೇ ಎಂದು ನೋಡುವರು. ಹಾಗಾದರೆ ಹಿಂದೆ ಹೆಣದ ಜಾಗದಲ್ಲಿ ಬರುವ ಜೊತೆಗಾರರ ಗತಿ ಏನೆಂದು ನಾನು ಒಮ್ಮೆ ತಮಾಷೆ ಮಾಡಿದ್ದೆ.

ಮೈಸೂರು ರಸ್ತೆಯ ಮಿಲ್ಲೊಂದರಲ್ಲಿ ಕೆಲಸ ಸಿಕ್ಕಿ, ಅಲ್ಲಿನ ಜೊತೆಗಾರರ ಪ್ರಾರ್ಥನಾಕೂಟಕ್ಕೆ ಹೋಗಿ, ದೀಕ್ಷಾಸ್ನಾನ ಪಡೆದು, ಕಡೆಗೆ ಖಾಯಂ ಆಗಿದ್ದ ಆ ಕೆಲಸವನ್ನೇ ಬಿಟ್ಟು ಸೇವೆಗೆ ಇಳಿದವರು ಅವರು. ದೇವರ ಕರೆ ಬಂದ ಬಗೆಯನ್ನು ಕೇಳಿದಾಗ ನಾನು ಏನಾದರೂ ಅದ್ಭುತವನ್ನು ನಿರೀಕ್ಷಿಸಿದ್ದೆ. "ಬೆಳಕು ಗಿಳಕು ಏನೂ ಕಾಣ್ಲಿಲ್ಲ ಸಾರ್. ಊರೋರು ನಮ್ಮನ್ನ ಸತ್ತೋರ ಮುಂದೆ ನಡೀರಿ ಅಂತ ಕರೀತಿದ್ರು. ಬದುಕಿರೋರ ಹತ್ರ ಹೋಗು ಅಂದೋನು ಅವನೊಬ್ನೇ" ಎಂದರು. ದೀಕ್ಷೆಯ ವೇಳೆ ಹೊಸ ಹೆಸರು ಬೇಡವೆಂದದ್ದೂ ಅವರೇ. ಅಪ್ಪ ಇಟ್ಟ ಹೆಸರು ದೇವರ ಬಾಯಲ್ಲೂ ತಿರುಗುತ್ತದೆ ಎಂಬುದು ಅವರ ವಾದ. ಅಷ್ಟು ಗಟ್ಟಿ ಆಸಾಮಿ.

ಆದರೆ ನಾನು ಅವರನ್ನು ಚೆನ್ನಾಗಿ ಬಲ್ಲವನಾದ ಕಾಲಕ್ಕೆ ಆ ಗಟ್ಟಿತನದಲ್ಲಿ ಒಂದು ಬಿರುಕು ಬಿಟ್ಟಿತ್ತು. ಸಾರಕ್ಕಿ ಕೆರೆಯಾಚೆ, ತಗಡಿನ ಸೂರಿನ ಪ್ರಾರ್ಥನಾಮಂದಿರದಲ್ಲಿ, ಗಾರೆಕೆಲಸದವರೂ ಮನೆಗೆಲಸದ ಹೆಂಗಸರೂ ಕೂತ ಸಭೆಗೆ ಅವರು ಬೋಧಿಸುವುದನ್ನು ಒಂದೆರಡು ಸಲ ಕೇಳಿದ್ದೇನೆ. ಮಾತು ಏರುತ್ತ ಏರುತ್ತ ಹೋಗಿ 'ಹೆದರಬೇಡಿ' ಎಂಬಲ್ಲಿಗೆ ಬರುತ್ತಿತ್ತು, 'ಹೆದ...' ಎಂದವರು ಉಗುಳು ನುಂಗಿ, ಬೇರೆ ಮಾತಿಗೆ ಹೊರಳುತ್ತಿದ್ದರು. ಜನ ಅದನ್ನು ಗಂಟಲಿನ ದೋಷವೆಂದುಕೊಂಡು ಕಾಳುಮೆಣಸಿನ ಕಷಾಯ ಮಾಡಿ ತಂದುಕೊಡುತ್ತಿದ್ದರು. ಅದರ ಮೂಲವನ್ನು ಅವರು ನಮ್ಮ ಜಗಲಿಯಲ್ಲಿ ಕೂತು ನನಗೊಬ್ಬನಿಗೆ ಹೇಳಿದರು.

ತುರ್ತು ಪರಿಸ್ಥಿತಿಯ ವರ್ಷ ಪಾಪಯ್ಯ ಹಾಸಿಗೆ ಹಿಡಿದ. ಆ ಹೊತ್ತಿಗೆ ಕೇರಿಯ ಹುಡುಗರು, ಊರಿನ ಹೆಣಗಳಿಗೆ ಇನ್ನು ನಾವು ತಮಟೆ ಬಾರಿಸುವುದಿಲ್ಲ ಎಂದು ಹಟ ಹಿಡಿದು, ಮುಟ್ಟುವುದನ್ನೇ ಬಿಟ್ಟಿದ್ದರು. ಮುದುಕ ಅದಕ್ಕೆ ಬೇಸರಪಟ್ಟವನಲ್ಲ, ಸರಿಯಾಗೇ ಮಾಡಿದರೆಂದ. ಆದರೆ ಮಗನನ್ನು ಹತ್ತಿರ ಕರೆದು, "ಊರ್ಗೆ ಬಡ್ದಿದ್ದು ಬೇರೆ ಕಣ್ಲಾ, ಅಪ್ಪಂಗೆ ಬಡಿಯೋದು ಬೇರೆ. ನನ್ ಮುಂದೆ ನೀನೇ ಬಡೀಬೇಕು" ಅಂದ. ಮಗ ಆಗಲೆಂದೂ ಅನ್ನಲಿಲ್ಲ, ಆಗದೆಂದೂ ಅನ್ನಲಿಲ್ಲ.

ಪಿಳ್ಳಪ್ಪನವರನ್ನು ಉಪದೇಶಿಯಾಗಿ ನೇಮಿಸಿ ಸಾರಕ್ಕಿಯ ಮಂದಿರವನ್ನು ಅವರ ವಶಕ್ಕೆ ಕೊಡುವ ಭಾನುವಾರ ಹತ್ತಿರವಾಗಿತ್ತು. ಅದೇ ವಾರ ಪಾಪಯ್ಯ ತೀರಿಕೊಂಡ. ಹಳೆಯ ವಾದ್ಯ ಹಿಡಿದವನು ಹಳೆಯ ದೇವರಿಗೆ ಮರಳಿದಂತೆ ಎಂದು ಪೇಟೆಯ ಚರ್ಚಿನ ಯಾವುದೋ ಬೋಧನೆಯಲ್ಲಿ ಯಾರೋ ಬೋಧಕರು ಹೇಳಿದ್ದು ಪಿಳ್ಳಪ್ಪನವರ ತಲೆಯಲ್ಲಿ ಕೂತುಬಿಟ್ಟಿತ್ತು. ಸಮುವೇಲಪ್ಪನವರು ಚರ್ಚಿನ ಕಮಿಟಿಯ ಇಬ್ಬರ ಜೊತೆ ಸಾವಿನ ಮನೆಗೆ ಕಾರಿನಲ್ಲಿ ಬಂದಿಳಿದದ್ದನ್ನು ಕಂಡದ್ದೇ, ಇದು ತಮ್ಮ ನಂಬಿಕೆಯ ಪರೀಕ್ಷೆಯೆಂದು ಪಿಳ್ಳಪ್ಪನವರು ತೀರ್ಮಾನಿಸಿದರು. ತಮಟೆ ಗೋಡೆಯ ಮೊಳೆಯಲ್ಲೇ ಉಳಿಯಿತು. ಊರಿನ ಅಷ್ಟೂ ಹೆಣಗಳ ಮುಂದೆ ಬಾರಿಸುತ್ತ ನಡೆದಿದ್ದ ಪಾಪಯ್ಯ ಒಂದು ಸದ್ದೂ ಇಲ್ಲದೆ ಹೊರಟ; ಮುಂದೆ ಮಗ ಕೋಟು ತೊಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದರು. ಮಣ್ಣು ಮುಚ್ಚಿದ ಮೇಲೆ ಸಮುವೇಲಪ್ಪನವರು ಮಗನ ಕೈ ಹಿಡಿದು ನಂಬಿಕೆಗೆ ಒಳ್ಳೆಯ ಸಾಕ್ಷಿಯಾಗಿ ನಿಂತಿರಿ ಎಂದರು. ಎದೆ ಉಬ್ಬಿತಂತೆ.

ಮನೆಗೆ ಬಂದಾಗ ತಾಯಿ ಸಪ್ಪಲಮ್ಮ ಗೋಡೆಗೊರಗಿ ಕೂತಿದ್ದಳು. ಅತ್ತಿರಲಿಲ್ಲ, ಬೈಯಲಿಲ್ಲ. "ಯಾರ್ಗೆ ಹೆದ್ರಕಂಡೆ ಮಗಾ?" ಎಂದು ಕೇಳಿದಳು. ಮತ್ತೆ ಎಂದೂ ಆ ವಿಷಯ ಎತ್ತಲಿಲ್ಲ.

"ನಾಯಿಗೆ ಹೆದ್ರಲಿಲ್ಲ, ಕಲ್ಲಿಗೆ ಹೆದ್ರಲಿಲ್ಲ, ಕೆಲ್ಸ ಬಿಡೋವಾಗ್ಲೂ ಹೆದ್ರಲಿಲ್ಲ ಸಾರ್" ಎಂದು ಪಿಳ್ಳಪ್ಪನವರು ನಮ್ಮ ಜಗಲಿಯ ಕಂಬವನ್ನು ನೋಡುತ್ತ ಹೇಳಿದರು. "ಅವತ್ತು ನಂಬಿಕೆ ಅಂದ್ಕೊಂಡಿದ್ದೆ. ಅವ್ವ ಕೇಳಿದ್ಮೇಲೆ ಗೊತ್ತಾಯ್ತು." ಹೇಳುತ್ತಿದ್ದಷ್ಟು ಹೊತ್ತೂ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಬಾರಿಸುತ್ತಲೇ ಇದ್ದವು. ಯಾವ ಲಯ, ಯಾರಿಗೆ ಸಲ್ಲಬೇಕಾಗಿದ್ದ ಲಯ ಎಂಬುದು ನನಗೆ ಆಗ ತಿಳಿಯಿತು.

ಆಮೇಲಿನ ವರ್ಷಗಳು ಅವರನ್ನು ಹಣ್ಣು ಮಾಡಿದವು. ಜೆ.ಪಿ. ನಗರದ ಬಡಾವಣೆ ಕೆರೆಯಂಚಿಗೆ ಬಂತು, ಗಾರೆಕೆಲಸದವರು ಕಟ್ಟಡ ಮುಗಿದಂತೆಲ್ಲ ಬೇರೆ ಕಡೆಗೆ ಗುಳೆ ಹೋದರು, ಉಳಿದವರು ಬಿ.ಟಿ.ಎಂ. ಕಡೆ ಮೈಕು ಗಿಟಾರು ಇರುವ ಸಭೆಗೆ ಬಸ್ಸು ಹತ್ತಿದರು. ಆದರೂ ಅವರು ಒಂದು ಭಾನುವಾರವೂ ಬಾಗಿಲು ಮುಚ್ಚಲಿಲ್ಲ. ಹೆಂಡತಿ ಮರಿಯಮ್ಮ, ಕಿವಿ ಕೇಳದ ಒಬ್ಬ ಮುದುಕಿ, ಮಳೆ ಬಂದರೆ ಒಳಗೆ ನುಗ್ಗುವ ದಾರಿಹೋಕರು, ಇಷ್ಟೇ ಸಭೆ. ಅವ್ವನಿಗಾದರೂ ಬಾರಿಸುತ್ತೇನೆ ಎಂಬ ಒಂದೇ ಆಸೆ ಅವರನ್ನು ನಿಲ್ಲಿಸಿತ್ತೆಂದು ನನ್ನ ಅನಿಸಿಕೆ. ಕಮಿಟಿ ಏನೇ ಅನ್ನಲಿ, ಕೆಲಸದಿಂದ ತೆಗೆದರೆ ತೆಗೆಯಲಿ, ಈ ಸಲ ಬಿಡುವುದಿಲ್ಲವೆಂದು ನನ್ನೆದುರೇ ಹಲವು ಸಲ ಹೇಳಿದ್ದರು.

ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಸಪ್ಪಲಮ್ಮ ತೀರಿಕೊಂಡಳೆಂದು ಸುದ್ದಿ ಬಂದು ನಾನು ಉತ್ತರಹಳ್ಳಿಗೆ ಹೋದೆ. ಕೋಲೂರಿಕೊಂಡು ಸಮುವೇಲಪ್ಪನವರೂ ಬಂದಿದ್ದರು. ಪಿಳ್ಳಪ್ಪನವರು ನೆಟ್ಟಗೆ ಅವರ ಮುಂದೆ ಹೋಗಿ ನಿಂತು ಅವ್ವನ ಮುಂದೆ ತಾವು ತಮಟೆ ಬಾರಿಸುವವರೆಂದು ತಿಳಿಸಿದರು. ಜಗಳಕ್ಕೆ ಸಿದ್ಧವಾದ ದನಿ ಅದು.

ಮುದುಕರು ಕಣ್ಣು ಕಿರಿದುಮಾಡಿ ನೋಡಿದರು. "ಬಾರಿಸಿಪ್ಪಾ, ಯಾರು ಬೇಡ ಅಂದ್ರು? ಈಗೀಗ ಎಷ್ಟೋ ಚರ್ಚ್‌ಗಳಲ್ಲೇ ಬಾರಿಸ್ತಾರೆ" ಎಂದರು. ಸ್ವಲ್ಪ ತಡೆದು, ಏನೂ ಕಪಟವಿಲ್ಲದೆ ಸೇರಿಸಿದರು: "ನಿಮ್ಮ ತಂದೆ ಹೋದಾಗ್ಲೂ ನೀವು ಕೇಳಿದ್ರೆ ನಾನು ಬೇಡ ಅಂತಿರ್ಲಿಲ್ಲ. ನೀವು ಕೇಳ್ಲೇ ಇಲ್ವಲ್ಲ."

ಪಿಳ್ಳಪ್ಪನವರು ನಿಧಾನವಾಗಿ ಕೋಟು ಕಳಚಿ, ಮಡಿಸಿ, ಜಗಲಿಯ ಮೇಲಿಟ್ಟರು. ಕೋಟಿಲ್ಲದೆ ನಾನು ಅವರನ್ನು ನೋಡಿದ್ದು ಅದೇ ಮೊದಲು. ಒಳಗೆ ಇಷ್ಟೇ ಇಷ್ಟು ಮನುಷ್ಯನಿದ್ದ. ಒಳಗೆ ಹೋಗಿ ಪಾಪಯ್ಯನ ತಮಟೆಯನ್ನು ಮೊಳೆಯಿಂದ ಇಳಿಸಿ ತಂದು, ಧೂಳು ಒರೆಸಿ, ಅಂಗಳದಲ್ಲಿ ಹುಲ್ಲಿಗೆ ಬೆಂಕಿ ಇಟ್ಟು ಕಾಯಿಸಲು ಕೂತರು. ಅಪ್ಪ ಕಲಿಸಿದ್ದನ್ನು ಕೈ ಮರೆತಿರಲಿಲ್ಲ: ತಿರುಗಿಸುವುದು, ಬೆರಳಿನಿಂದ ಮೀಟಿ ನೋಡುವುದು, ಮತ್ತೆ ಉರಿಗೆ ಒಡ್ಡುವುದು. ಆದರೆ ಅಷ್ಟು ವರ್ಷ ಬೆಂಕಿ ಕಾಣದೆ, ಎಣ್ಣೆ ಕಾಣದೆ, ಯಾರ ಕೈಯೂ ತಾಕದೆ ತೂಗಿದ್ದ ಚರ್ಮ ಅದು. ಕೇರಿಯವರು ಸುತ್ತ ನಿಂತಿದ್ದರು. ಪಿಳ್ಳಪ್ಪನವರು ತಾಯಿಯ ತಲೆಯ ಕಡೆ ನಿಂತು ಹೆಗಲಿಗೇರಿಸಿ ಬಲಗೈಯ ಮೊದಲ ಪೆಟ್ಟು ಹಾಕಿದರು. ಗಣ್ಣೆನ್ನಲಿಲ್ಲ. ಹಳೆಯ ಬಟ್ಟೆ ಹರಿದಂಥ ಸದ್ದಾಗಿ, ಚರ್ಮ ನಡುವೆ ಸೀಳಿತು.

ಕೇರಿಯಲ್ಲಿ ಬೇರೆ ತಮಟೆ ಇರಲಿಲ್ಲ. ಸಪ್ಪಲಮ್ಮನೂ ಗಂಡನ ಹಾಗೆಯೇ ಸದ್ದಿಲ್ಲದೆ ಹೋದಳು. ಮಗ ಹರಿದ ತಮಟೆಯನ್ನು ಎದೆಗವುಚಿಕೊಂಡು ಮುಂದೆ ನಡೆದರು. ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಸಾರಕ್ಕಿಗೆ ಹೋಗಿದ್ದೆ. ಮರಿಯಮ್ಮ ಇದ್ದರು, ಕಿವಿ ಕೇಳದ ಮುದುಕಿ ಇದ್ದಳು. ಪಿಳ್ಳಪ್ಪನವರು ಬೋಧಿಸಿದರು. 'ಹೆದರಬೇಡಿ' ಎಂಬ ಮಾತು ಈ ಸಲ ಎಲ್ಲೂ ತಡೆಯದೆ ಪೂರ್ತಿಯಾಗಿ ಹೊರಬಂತು. ಅದರೊಳಗೆ ಏನೂ ಇರಲಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ನಾನು ಸತ್ಯವೇದದ ರಟ್ಟನ್ನೇ ನೋಡುತ್ತಿದ್ದೆ. ಅದರ ಮೇಲೆ ಹತ್ತೂ ಬೆರಳುಗಳು ಅಲುಗದೆ ಬಿದ್ದಿದ್ದವು. ನನಗೆ ಅಲ್ಲಿ ಕೂತಿರಲಾಗಲಿಲ್ಲ.

ಕರೆಗೆ ಓಗೊಟ್ಟು ಎಲ್ಲವನ್ನೂ ಬಿಟ್ಟು ಹೊರಟವರನ್ನು ನಾವು ನಿರ್ಭೀತರೆಂದು ಕೊಂಡಾಡುತ್ತೇವೆ. ಅದು ಸುಳ್ಳೂ ಅಲ್ಲ. ಇಂಥವರು ಹಸಿವಿಗೆ, ಹಗೆಗೆ, ಕಲ್ಲಿಗೆ ಅಂಜುವವರಲ್ಲ. ಅವರನ್ನು ಕೆಡಹುವುದು ತಮ್ಮವರೇ ಯಾರೋ ಏನೆಂದುಕೊಂಡಾರೋ ಎಂಬ ಸಣ್ಣದೊಂದು ಅಳುಕು, ಮತ್ತು ಆ ಅಳುಕು ನಂಬಿಕೆಯ ಕೋಟನ್ನೇ ತೊಟ್ಟು ಬರುವುದರಿಂದ ಅವರಿಗೆ ಅದರ ಗುರುತು ಹತ್ತುವುದಿಲ್ಲ. ಗುರುತು ಹತ್ತುವ ವೇಳೆಗೆ ಆ ಸದ್ದು ಕೇಳಬೇಕಾದವರು ಮಣ್ಣು ಸೇರಿರುತ್ತಾರೆ, ಮೊಳೆಗೆ ತೂಗುಹಾಕಿದ ಚರ್ಮ ಒಣಗಿರುತ್ತದೆ.