ಸುಣ್ಣದ ಗೆರೆ

ಕ್ಯಾನ್ವಾಸ್ ಬೂಟಿಗೆ ಅಂಟಿದ್ದ ಸುಣ್ಣವನ್ನು ರಸೂಲಬಿ ಉಗುರಿನಿಂದ ಕೆರೆಯುತ್ತಿದ್ದಳು. ಇದರ ಜೋಡಿ ಬೂಟನ್ನು ಮಯ್ಯತ್ತಿನ ಮೈ ತೊಳೆಯಲು ಬಂದವರು ತೀರಿಹೋದ ಗಂಡನ ಕಾಲಿನಿಂದ ಈಗಷ್ಟೇ ಬಿಚ್ಚಿ ಹೊರಗೆ ತಂದಿಟ್ಟಿದ್ದರು. ನಸುಕಿನಲ್ಲಿ ಗ್ರೌಂಡಿಗೆ ಹೊರಟ ಗಂಡ ಹೊಸ್ತಿಲ ಮೇಲೆ ಕೂತು ಒಂದು ಬೂಟು ಹಾಕಿಕೊಂಡು, ಇನ್ನೊಂದಕ್ಕೆ ಕೈಚಾಚಿ ಹಾಗೇ ಗೋಡೆಗೆ ವಾಲಿದ್ದರು. ಚಹಾ ತಂದ ರಸೂಲಬಿ ಬೈದಿದ್ದಳು ಬೇರೆ: "ಕುಂತಲ್ಲೇ ನಿದ್ದಿ ಹೊಡಿಯಾಕತ್ತೀರೇನ್ರಿ?" ಆ ಮಾತು ಈಗ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಬೆಟಗೇರಿಯ ಆ ಓಣಿಯ ತುಂಬ ಕಾಲೇಜಿನ ಹುಡುಗರು. ಅವಳ ಗಂಡ ಕುತುಬುದ್ದೀನ ಸರ್ ಅವರಿಗೆ ಬೆಳಿಗ್ಗೆ ಓಟ ಕಲಿಸುತ್ತಿದ್ದರು, ಮಧ್ಯಾಹ್ನ ಕಂಪ್ಯೂಟರ್ ಕಲಿಸುತ್ತಿದ್ದರು.

ಲಕ್ಷ್ಮೇಶ್ವರದಿಂದ ಬಂದಿದ್ದ ಗಂಡನ ಚಿಕ್ಕಪ್ಪ ಮೌಲಾಸಾಬ ಬಾಗಿಲಲ್ಲಿ ನಿಂತಾಗ ರಸೂಲಬಿ ಸೆರಗು ಎಳೆದುಕೊಂಡಳು.

"ಕಾಕಾ, ಒಂದ ಮಾತು. ಇವತ್ತು ಅವರು ಗ್ರೌಂಡಿಗೆ ಹೋಗಲಿಲ್ಲ. ಅಲ್ಲೊಂದು ಸುತ್ತು ಹಾಕಿಸಿಕೊಂಡು ಹೋಗ್ರಿ."

"ಜನಾಜಾ ಅಂದ್ರ ಮೆರವಣಿಗಿ ಅಂತ ತಿಳಕೊಂಡಿಯೇನು, ಬೇಟಿ? ಜಲ್ದಿ ಮಣ್ಣು ಮಾಡೂದು ರಿವಾಜು. ಗ್ರೌಂಡಿನ ನಡುವ ಹಾದು ಹೋದ್ರ ಕಬರಸ್ತಾನ ಬರ್ತೈತಿ. ಸೀದಾ ಹೋಗೂದು."

ಅವರು ಕೆಟ್ಟವರಲ್ಲ. ಅತ್ತು ಅತ್ತು ಅವರ ಕಣ್ಣೂ ಕೆಂಪಾಗಿದ್ದವು. ರಸೂಲಬಿ ಮತ್ತೆ ಬೂಟು ಕೆರೆಯತೊಡಗಿದಳು. ಪಕ್ಕದಲ್ಲಿ ಕೂತಿದ್ದ ಡೋಣಿ ಊರಿನ ಹನಮವ್ವ, ಸರ್ ಕೈಯಲ್ಲಿ ಓಟವನ್ನೂ ಪಾಠವನ್ನೂ ಕಲಿತ ಹುಡುಗಿ, ಎದ್ದು ಬಾಗಿಲ ಹಿಂದಿನ ಸುಣ್ಣದ ಡಬ್ಬಿ ಎತ್ತಿಕೊಂಡಳು.

"ಅಮ್ಮಾರ, ನಾ ಈಗ ಬಂದೆ."

*

ಕಾಲೇಜು ಕಂಪ್ಯೂಟರ್ ವಿಷಯ ಶುರುಮಾಡಿದ್ದು ಎಂಬತ್ತನಾಲ್ಕರಲ್ಲಿ. ಪಾಠ ಬಂತು, ಮಾಸ್ತರು ಬಂದರು, ಮಶೀನು ಮಾತ್ರ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅನ್ನುತ್ತಲೇ ಮೂರು ವರ್ಷವಾಯಿತು. ಕುತುಬುದ್ದೀನರು ಕೈಕಟ್ಟಿ ಕೂರುವ ಪೈಕಿಯಲ್ಲ. ಓಟದ ಗೆರೆ ಎಳೆಯುವ ಸುಣ್ಣದಿಂದಲೇ ಗ್ರೌಂಡಿನ ಮೇಲೆ ಫ್ಲೋಚಾರ್ಟಿನ ಮನೆಗಳನ್ನು ಬರೆದು, ಹುಡುಗರನ್ನು ಅವುಗಳೊಳಗೆ ನಡೆಸಿದರು. ಪ್ರಶ್ನೆ ಕೇಳುವ ಮನೆ ಶಂಕರಪೋಳಿಯ ಹಾಗೆ ಓರೆ ಚೌಕದ ಆಕಾರದ್ದು.

"ಇಲ್ಲಿ ನಿಂತು ಕೇಳಬೇಕು, ಸುತ್ತು ಆತೇನು ಅಂತ. ಇಲ್ಲಂದ್ರ ತಿರುಗಿ ಸುತ್ತು. ಆತಂದ್ರ ಮನಿಗೆ ನಡಿ. ಮಶೀನು ಮಾಡೂದೂ ಇಷ್ಟ. ಗೆರಿ ತುಳದಾಂವ ಮತ್ತ ಮೊದಲಿಂದ."

ಓಟದಲ್ಲೂ ಅದೇ ಕಾಯಿದೆ. ಗೆರೆ ತುಳಿದು ಗೆದ್ದವನನ್ನು ಅವರು ಗೆದ್ದವನೆಂದು ಒಪ್ಪುತ್ತಿರಲಿಲ್ಲ.

"ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲದ್ರಂತ," ಎಂದು ರಸೂಲಬಿ ಕಾಡಿಸುತ್ತಿದ್ದಳು. "ಮಶೀನು ಇಲ್ಲದ ಮಶೀನಿನ ಮಾಸ್ತರು ನೀವು."

"ಕೂಸು ಬಂದ ಬರ್ತೈತಿ. ನೀ ಒಮ್ಮಿ ಬಂದು ನೋಡು ನಮ್ಮ ಆಟ."

"ನಾಳಿ ಬರ್ತೀನಿ."

ನಾಳೆ ಅನ್ನುವುದಕ್ಕೇನು ಖರ್ಚು? ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಿದಾಗ ಗ್ರೌಂಡು ಕಾಣುತ್ತಿತ್ತು. ಗಂಡ ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಕೊನೆಯ ಸುತ್ತು ಮುಗಿದಾಗ ಒಂದು ಕೈ ಮೇಲೆತ್ತಿ ಇಳಿಸುತ್ತಿದ್ದರು, ಹುಡುಗರು ಮನೆಗೆ ನಡೆಯುತ್ತಿದ್ದರು. ಇಲ್ಲಿಂದಲೇ ಕಾಣುವಾಗ ಅಲ್ಲಿಗೇಕೆ ಹೋಗಬೇಕು ಅಂದುಕೊಂಡಿದ್ದಳು.

*

ಮಧ್ಯಾಹ್ನದ ನಮಾಜಿನ ನಂತರ ಶವ ಹೊತ್ತ ಜನಾಜಾ ಮಸೀದಿಯಿಂದ ಹೊರಟಿತು. ರಸೂಲಬಿ ಏಣಿಗೆ ಕಾಲಿಟ್ಟಳು.

"ಗಂಡ ತೀರಿದ ಮ್ಯಾಲ ಇದ್ದತ್ತಿನ್ಯಾಗ ಮನಿ ಬಿಡಬಾರದು, ತಂಗಿ," ಎಂದಳು ನೆರೆಮನೆಯ ಜನ್ನತಬಿ.

"ಮಾಳಿಗಿ ನನ್ನ ಮನೀದ ಅಲ್ಲೇನು, ಆಪಾ?"

ಮೇಲಿನಿಂದ ನೋಡಿದರೆ ಗ್ರೌಂಡಿನಲ್ಲಿ ಓಟದ ಗೆರೆಗಳೆಲ್ಲ ಹೊಸದಾಗಿ ಬೆಳ್ಳಗೆ ಹೊಳೆಯುತ್ತಿದ್ದವು. ಜನ ಒಳಗೆ ಬರುವಲ್ಲಿ ದೊಡ್ಡದೊಂದು ಶಂಕರಪೋಳಿ. ಅದರಿಂದ ಒಂದು ದಾರಿ ಗ್ರೌಂಡನ್ನು ಸುತ್ತಿ ಮತ್ತೆ ಅಲ್ಲಿಗೇ ಬರುತ್ತಿತ್ತು, ಇನ್ನೊಂದು ನೇರವಾಗಿ ಕಬರಸ್ತಾನದ ಬಾಗಿಲಿಗೆ. ಶಂಕರಪೋಳಿಯ ಪಕ್ಕದಲ್ಲಿ ಹನಮವ್ವ ಮೊಣಕೈತನಕ ಸುಣ್ಣ ಮಾಡಿಕೊಂಡು ನಿಂತಿದ್ದಳು.

ಮೌಲಾಸಾಬ ಎಲ್ಲರಿಗಿಂತ ಮುಂದೆ ಬಾಗಿಲಿನತ್ತ ನಡೆದರು. ಹಿಂದೆ ಹೆಗಲು ಕೊಟ್ಟಿದ್ದ ಹುಡುಗರು ಶಂಕರಪೋಳಿಯೊಳಗೆ ಬಂದು ನಿಂತುಬಿಟ್ಟರು. ಮುಂದೆ ಹೆಗಲು ಕೊಟ್ಟಿದ್ದ ಸಕ್ರಪ್ಪ ತಲೆ ತಗ್ಗಿಸಿ ಕೆಳಗೆ ನೋಡಿದ, ಆಮೇಲೆ ಸುತ್ತಿನ ದಾರಿಗೆ ತಿರುಗಿದ. ಉಳಿದವರ ಕಾಲೂ ಅತ್ತಲೇ ತಿರುಗಿದವು.

"ಸೀದಾ ಬರ್ರಿಲೇ," ಎಂದ ಮೌಲಾಸಾಬರ ದನಿ ಮಾಳಿಗೆಗೂ ಕೇಳಿಸಿತು. ಜನಾಜಾ ಅಷ್ಟರಲ್ಲಿ ತಿರುವು ಹಿಡಿದಿತ್ತು. ಓಡುವವರ ಹೆಜ್ಜೆ ಅದು, ಬಿರುಸಾಗಿತ್ತು. ಹೆಗಲು ಬದಲಾಗುವಾಗಲೂ ನಿಲ್ಲಲಿಲ್ಲ. ಮುದುಕ ಒಂದು ಗಳಿಗೆ ಒಬ್ಬರೇ ನಿಂತರು, ಆಮೇಲೆ ಹಿಂದೆ ಬಂದು ಕೂಡಿಕೊಂಡರು.

ಸುತ್ತು ಮುಗಿಯಿತು. ಹುಡುಗರು ಮತ್ತೆ ಶಂಕರಪೋಳಿಯಲ್ಲಿ ನಿಂತರು. ಈ ಸಲ ಯಾರೂ ಕದಲಲಿಲ್ಲ. ಸುತ್ತು ಆತು ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಹನಮವ್ವ ತಲೆಯೆತ್ತಿ ಮಾಳಿಗೆಯ ಕಡೆ ನೋಡಿದಳು. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು.

ತಾನು ಒಂದು ದಿನವೂ ಹೋಗದ ಗ್ರೌಂಡು ತನ್ನ ಮಾತಿಗೆ ಕಾದು ನಿಂತದ್ದನ್ನು ಕಂಡು ರಸೂಲಬಿಯ ಕಣ್ಣು ತುಂಬಿ ಬಂತು. ಇನ್ನೊಂದು ಸುತ್ತು ಹೋಗಲಿ ಎನ್ನಿಸಿತು. ಇನ್ನೂ ಹತ್ತು ಸುತ್ತು ಹೋಗಲಿ.

ಉಗುರಿನ ಸಂದಿಯಲ್ಲಿ ಸುಣ್ಣ ಉಳಿದಿದ್ದ ಬಲಗೈಯನ್ನು ಅವಳು ಮೇಲೆತ್ತಿ ಮೆಲ್ಲಗೆ ಇಳಿಸಿದಳು.

ಜನಾಜಾ ಕಬರಸ್ತಾನದ ದಾರಿ ಹಿಡಿಯಿತು. ಎಲ್ಲರಿಗಿಂತ ಹಿಂದೆ ಮೌಲಾಸಾಬ ಎರಡೂ ಕೈಗಳಿಂದ ಪೈಜಾಮಾ ಎತ್ತಿ ಹಿಡಿದು, ಗೆರೆ ತುಳಿಯದಂತೆ ಹುಷಾರಾಗಿ ಕಾಲಿಡುತ್ತ ಹೋದರು.