ಎತ್ತಿ ಹಿಡಿದ ಹುಟ್ಟು

ಬೆಳಗಿನ ಏಳಕ್ಕೆ ತುಂಗಭದ್ರೆಯ ದಂಡೆಯಲ್ಲಿ ಎಲ್ಲರಿಗೂ ಅವಸರ. ಬಟ್ಟೆ ಒಗೆಯುವವರು ಒಳ್ಳೆಯ ಕಲ್ಲು ಹಿಡಿಯಬೇಕು, ಮೀನಿನವರು ಬಲೆ ಎಳೆಯಬೇಕು, ಆಚೆ ದಂಡೆಯ ಬೀಜದ ಪ್ಲಾಟಿಗೆ ಹೋಗುವ ಹೆಂಗಸರು ಬಿಸಿಲೇರುವುದರೊಳಗೆ ಹೊಳೆ ದಾಟಬೇಕು. ಮೆಣಸಿನ ಹೂವಿಗೆ ಇನ್ನೊಂದು ಜಾತಿಯ ಹೂವಿನ ಪುಡಿ ಮುಟ್ಟಿಸುವ ಕೆಲಸ ಅವರದು. ಹೊತ್ತೇರಿದರೆ ಆ ಕೆಲಸ ಕೆಟ್ಟಂತೆ. ಸೇತುವೆ ಸುತ್ತಿ ಹೋದರೆ ಹನ್ನೊಂದಾಗುತ್ತದೆ. ಅದಕ್ಕೇ ಅವರಿಗೆ ಡಾಕಪ್ಪನ ದುಂಡನೆಯ ತೆಪ್ಪವೇ ದಾರಿ.

ಹೋದ ವರ್ಷದಿಂದ ಡಾಕಪ್ಪನ ಬಲಭುಜ ಮೇಲೇಳುವುದಿಲ್ಲ. ಹುಟ್ಟು ಹಾಕುವುದು ಮಗಳು ಹೊಳಿಯವ್ವ. ಎಂಟನೆಯ ತರಗತಿಗೆ ಶಾಲೆ ಬಿಟ್ಟ ಹತ್ತೊಂಬತ್ತರ ಹುಡುಗಿ. ಹೆಂಗಸರು ತಮ್ಮತಮ್ಮಲ್ಲೇ ಮಾತಾಡುತ್ತಾರೆ, ಅವಳು ನೀರು ನೋಡುತ್ತಾಳೆ.

ಆ ಭಾನುವಾರವೂ ಹಾಗೆಯೇ ಶುರುವಾಯಿತು.

"ಫಕ್ಕೀರವ್ವಾಯಿ, ನಡುವ ಕುಂದ್ರಬೇ. ನೀ ಅಂಚಿಗೆ ಕುಂತ್ರ ತೆಪ್ಪ ಆ ಕಡೆ ಸಾಷ್ಟಾಂಗ ಹಾಕತೈತಿ," ಎಂದಳು ಸುಧಾರಾಣಿ.

"ನಾ ನಿನ್ನಂಗ ಮೂರು ರೊಟ್ಟಿ ಉಂಡು ಬಂದೇನೇನ? ನೀನ ಬಾ ನಡುವ," ಎನ್ನುತ್ತ ಮುದುಕಿ ಸೆರಗಿನ ಬುತ್ತಿಗಂಟು ಹಿಡಿದು ನಡುವೆಯೇ ಕೂತಳು. ಏಳು ಮಂದಿ ಹತ್ತಿದರು. ನೀರು ತೆಪ್ಪದ ಅಂಚಿಗೆ ಒಂದು ಗೇಣು ಕೆಳಗಿತ್ತು.

ನಡುಹೊಳೆಗೆ ಬರುವಷ್ಟರಲ್ಲಿ ಮೂಡಣದ ತಿರುವಿನಿಂದ ಮೋಟಾರು ಬೋಟಿನ ಸಪ್ಪಳ ಕೇಳಿಸಿತು. ಬೋಟು ಹೊಳಿಯವ್ವನ ಅಣ್ಣ ಮಾಲತೇಶನದು. ದಸರೆಯ ನಂತರ ತಂದದ್ದು. ಅಂದಿನಿಂದ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಯ ಕಡೆಯಿಂದ ಮಂದಿ ಬೋಟು ಹತ್ತಲು ಬರುತ್ತಿದ್ದರು, ದಂಡೆಯ ಮೇಲೆ ಚಹದ, ಮಿರ್ಚಿಯ ಅಂಗಡಿಗಳು ಎದ್ದಿದ್ದವು.

ಬೋಟು ಬಂದ ದಿನವೇ ಹೆಂಗಸರು ತಕರಾರು ತೆಗೆದಿದ್ದರು. "ಅದು ಎಬ್ಬಿಸೋ ತೆರಿ ಮುಂದ ನಮ್ಮ ತೆಪ್ಪ ನಿಂದರತೈತೇನಪಾ?" ಮಾಲತೇಶ ನಕ್ಕು, ಮೊಣಕಾಲಮಟ್ಟ ನೀರಿಗಿಳಿದು ಬೊಗಸೆ ತುಂಬಿಕೊಂಡಿದ್ದ. "ನಾ ಇದ ತೆಪ್ಪದಾಗ ಬೆಳದಾಂವ. ಹುಟ್ಟು ಎತ್ತಿದ್ದು ಕಂಡ್ರ ಮಷೀನ್ ಬಂದ್. ಹೊಳಿ ಮುಟ್ಟಿ ಹೇಳತೇನಿ."

ಆ ಹೊಳೆಯ ರೀತಿ ಅದು. ತುಂಬಿದ ತೆಪ್ಪದವರು ಹುಟ್ಟನ್ನು ಎರಡೂ ಕೈಯಿಂದ ನೆಟ್ಟಗೆ ಮೇಲೆತ್ತಿದರೆ ಎದುರಿನವರು ಇದ್ದಲ್ಲೇ ನಿಲ್ಲಬೇಕು. ಎತ್ತಿದವರು ಮಾತ್ರ ಆ ಹೊತ್ತು ತೆಪ್ಪವನ್ನು ಕೈಬಿಟ್ಟಂತೆಯೇ. ಹುಟ್ಟು ನೀರಿನಲ್ಲಿಲ್ಲದ ತೆಪ್ಪ ತಾನಾಗಿ ತಿರುಗುತ್ತದೆ, ತೆರೆ ಬಂದರೆ ಮುಖ ಕೊಡಲಾರದು. ಎದುರಿನವನು ನಿಲ್ಲುತ್ತಾನೆ ಎಂಬ ನಂಬಿಕೆಯ ಮೇಲೆಯೇ ಎತ್ತುವುದು.

ಅಂದು ಹೆಂಗಸರು ಮಾಲತೇಶನನ್ನು ಬಿಟ್ಟು ಹೊಳಿಯವ್ವನ ಮುಖ ನೋಡಿದ್ದರು. ಮಂದಿಯ ನಡುವೆ ಎಂದೂ ಬಾಯಿ ತೆರೆಯದವಳು "ಅಣ್ಣ ನಿಲ್ಲಸ್ತಾನ" ಎಂದಿದ್ದಳು. ಅವರು ಒಪ್ಪಿದ್ದು ಆ ಎರಡು ಮಾತಿಗೆ.

ಈಗ ಅವಳು ಹುಟ್ಟು ಎತ್ತಿದಳು.

ಬೋಟಿನಲ್ಲಿ ಐದಾರು ಹುಡುಗರು ಮೊಬೈಲು ಹಿಡಿದು "ಇನ್ನೂ ಜೋರ್! ನೀರು ಹಾರಬೇಕ!" ಎಂದು ಕೂಗುತ್ತಿದ್ದರು. ಮಾಲತೇಶ ತೆಪ್ಪದ ಕಡೆ ನೋಡಿದ. ಗುರುತಿನವರು ಕಂಡಾಗ ಗದ್ದ ಎತ್ತುವುದು ಅವನ ರೂಢಿ. ಆಗಲೂ ಗದ್ದ ಎತ್ತಿದ. ನಂತರ ಮುಖ ತಿರುಗಿಸಿದ. ಎಂಜಿನ್ನಿನ ಸಪ್ಪಳ ಇಳಿಯಲಿಲ್ಲ, ಏರಿತು. ಬೋಟು ತೆಪ್ಪದ ಮುಂದೆಯೇ ಅರ್ಧ ಸುತ್ತು ಹೊಡೆಯಿತು.

ಮೊದಲ ತೆರೆ ತೆಪ್ಪವನ್ನು ಎತ್ತಿತು. ಹೊಳಿಯವ್ವ ಹುಟ್ಟು ನೀರಿಗಿಳಿಸುವ ಮೊದಲೇ ಎರಡನೆಯದು ಒಳಗೆ ಸುರಿದು ತೆಪ್ಪ ಮಗುಚಿತು.

ಮೀನಿನವರು ತಮ್ಮ ತೆಪ್ಪ ತಂದು ಎಲ್ಲರನ್ನೂ ಎಳೆದುಕೊಂಡರು. ಜೀವ ಉಳಿದವು. ಫಕ್ಕೀರವ್ವನ ತೊಡೆಯ ಎಲುಬು ಮಾತ್ರ ನೀರೊಳಗಿನ ಬಂಡೆಗೆ ಬಡಿದು ಮುರಿದಿತ್ತು. ಅವಳನ್ನು ರಾಣೇಬೆನ್ನೂರಿನ ದವಾಖಾನೆಗೆ ಒಯ್ದರು. ಗಾಡಿ ಹತ್ತಿಸುವಾಗಲೂ ಮುದುಕಿ "ನನ್ನ ಬುತ್ತಿಗಂಟು ಎಲ್ಲಿ ಹೋತು?" ಎಂದು ಕೇಳುತ್ತಿದ್ದಳು.

ಸಂಜೆ ಹೊಳೆದಂಡೆಯ ಕಟ್ಟೆಯ ಮೇಲೆ ಹಿರಿಯರು ಕೂತರು.

"ಬಿಸಿಲು ಕಣ್ಣಿಗೆ ಹೊಡ್ಯಾಕತ್ತಿತ್ತರಿ," ಎಂದ ಮಾಲತೇಶ. "ಹುಟ್ಟು ಕಾಣಲಿಲ್ಲ. ಕಂಡಿದ್ರ ನನ್ನ ತಂಗಿ ಇದ್ದ ತೆಪ್ಪಕ್ಕ ಹಂಗ ಮಾಡ್ತಿದ್ನೇನ್ರಿ?"

"ಅಕಿ ಎತ್ತಿದ್ಲರಿ. ನಾ ಬಾಜೂಕ ಇದ್ದೆ," ಎಂದಳು ಸುಧಾರಾಣಿ.

"ಎತ್ತಿರಬೇಕವಾ, ಯಾರು ಇಲ್ಲ ಅಂತಾರ? ಅಂವಗ ಕಾಣಬೇಕಲ್ಲ," ಎಂದರು ಹಿರಿಯರಾದ ಹೇಮಪ್ಪ. "ಸಣ್ಣ ಹುಡುಗಿ ಕೈಯಾಗ ಏಳು ಮಂದಿ ಜೀವ ಕೊಟ್ಟಿದ್ದ ತಪ್ಪು. ನಾಳಿಯಿಂದ ಬೋಟ್ ಓಡೂ ಹೊತ್ತಿನಾಗ ತೆಪ್ಪ ಬ್ಯಾಡ. ಸಂಜೀಕ ದಾಟ್ರಿ."

"ಸಂಜೀತನ ಹೂವು ನಮ್ಮ ಹಾದಿ ಕಾಯ್ಕೊಂತ ಕುಂದರತಾವೇನ್ರಿ?" ಎಂದಳು ಸುಧಾರಾಣಿ.

ಯಾರೋ ನಕ್ಕರು. ಹೇಮಪ್ಪ ಹೆಗಲ ಮೇಲಿನ ಟವಲು ಸರಿಮಾಡಿಕೊಂಡರು.

ಹೊಳಿಯವ್ವ ಮೆಟ್ಟಿಲ ಬದಿಗೆ, ಬೆಳಗ್ಗೆ ತೊಯ್ದು ಮೈಮೇಲೇ ಆರಿದ ಲಂಗದಲ್ಲೇ ನಿಂತಿದ್ದಳು. ಬೋಟು ಬಂದದ್ದು ಮೂಡಣದಿಂದ. ಬಿಸಿಲು ಅಣ್ಣನ ಬೆನ್ನಿಗಿತ್ತು. ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದ ಅಷ್ಟು ಮಂದಿಗೂ ಇದು ಗೊತ್ತು. ಯಾರಾದರೂ ಹೇಳುತ್ತಾರೆಂದು ಕಾದಳು. ಹೇಮಪ್ಪನ ಮಗನ ಮಿರ್ಚಿ ಬಾಣಲೆಯ ಸುತ್ತ ಬೋಟಿನ ಗಿರಾಕಿಗಳು ನಿಂತಿದ್ದರು. ಅಪ್ಪನನ್ನು ನೋಡಿದಳು. ಡಾಕಪ್ಪ ತನ್ನ ಕಾಲಿನ ಉಗುರು ನೋಡುತ್ತಿದ್ದ.

ಮನೆಗೆ ಬಂದ ಮೇಲೆ ಕೇಳಿದಳು. "ಅಪ್ಪಾ, ಬಿಸಿಲು ಎಲ್ಲಿತ್ತು?"

ಡಾಕಪ್ಪ ಬಲಭುಜ ತಿಕ್ಕಿಕೊಂಡ. "ಅಂವನೂ ನನ್ನ ಮಗನ ಅದಾನ, ಯವ್ವಾ."

"ನಾ?"

ಡಾಕಪ್ಪ ಎದ್ದು ಅಂಗಳಕ್ಕೆ ಹೋದ.

ಉಣ್ಣಲು ಬಂದ ಮಾಲತೇಶ ತಟ್ಟೆಯ ಮುಂದೆ ಕೂತು ತಾನೇ ಮಾತು ತೆಗೆದ. "ನಿಧಾನ ಓಡಿಸಿದ್ರ ಯಾರು ಹತ್ತತಾರ, ತಂಗಿ? ಅಪ್ಪನಂಗ ಜೀವನಪೂರ್ತಿ ತೆಪ್ಪಕ್ಕ ಡಾಂಬರು ಬಳೀಲೇನ ನಾ? ಈ ದಂಡಿಗೆ ನಾಕು ಮಂದಿ ಬರಾಕತ್ತಿದ್ದ ಬೋಟಿನಿಂದ. ಫಕ್ಕೀರವ್ವಾಯಿ ದವಾಖಾನಿ ಖರ್ಚು ನಾ ನೋಡ್ಕೋತೇನಿ. ಮುಗೀತಲ್ಲ?"

"ನಿನಗ ಕಂಡಿತ್ತೋ ಇಲ್ಲೋ?"

"ಕಟ್ಟಿ ಮ್ಯಾಲ ಹೇಳೇನಲ್ಲ."

ಅವಳು ಅವನ ತಟ್ಟೆಗೆ ರೊಟ್ಟಿ ಹಾಕಿ ಎದ್ದುಹೋದಳು. ಈಜು ಕಲಿಸಿದವನು ಅವನೇ. ಹುಟ್ಟು ಎತ್ತುವಾಗ ಕೈ ಎಷ್ಟು ಅಗಲ ಹಿಡಿಯಬೇಕೆಂದು ತೋರಿಸಿದವನೂ ಅವನೇ. ನೀರಿಗೆ ಬಿದ್ದದ್ದಕ್ಕಿಂತ ಅವನು ಎತ್ತಿದ ಆ ಗದ್ದವೇ ಅವಳಿಗೆ ಮತ್ತೆ ಮತ್ತೆ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಹೆಂಗಸರು ಬುತ್ತಿಗಂಟು ಹಿಡಿದು ದಂಡೆಯ ಮೇಲೆ ಸುಮ್ಮನೆ ನಿಂತಿದ್ದರು. ಹೋಗುವಂತಿಲ್ಲ, ಮನೆಗೆ ತಿರುಗಲು ಮನಸ್ಸಿಲ್ಲ. ಹೊಳಿಯವ್ವ ಅವರ ನಡುವೆ ಹಾದು ಬಂದು ತೆಪ್ಪವನ್ನು ನೀರಿಗೆ ನೂಕಿದಳು.

"ಎಲ್ಲಿಗೆ ಹೊಂಟೀಯವಾ?" ಎಂದ ಡಾಕಪ್ಪ. ಅವಳು ತಿರುಗಿ ನೋಡಲಿಲ್ಲ. ಒಬ್ಬಳೇ ನಡುಹೊಳೆಗೆ ಹೋಗಿ ಹುಟ್ಟು ಹಾಕುವುದನ್ನು ನಿಲ್ಲಿಸಿದಳು.

ಬೋಟು ತಿರುವಿನಿಂದ ಬಂತು, ಗಿರಾಕಿಗಳು ತುಂಬಿದ್ದರು. ಹೊಳಿಯವ್ವ ಎದ್ದು ನಿಂತು ಹುಟ್ಟು ಎತ್ತಿದಳು. ಬೋಟು ಹತ್ತಿರವಾದರೂ ಇಳಿಸಲಿಲ್ಲ. ತೆಪ್ಪ ಮೆಲ್ಲಗೆ ತಿರುಗತೊಡಗಿತು. ದಂಡೆಯಲ್ಲಿ ಬಟ್ಟೆ ಬಡಿಯುವ ಸಪ್ಪಳ ಒಂದೊಂದಾಗಿ ನಿಂತಿತು. ಡಾಕಪ್ಪ ಅಂಗಿ ಸಮೇತ ಸೊಂಟದವರೆಗೆ ನೀರಿಗಿಳಿದಿದ್ದ.

ಎಂಜಿನ್ ನಿಂತಿತು.

ಬೋಟು ತನ್ನ ಹಳೆಯ ಓಟದಲ್ಲೇ ತುಸು ಮುಂದೆ ಬಂದು, ತೆಪ್ಪದಿಂದ ಹತ್ತು ಮಾರು ದೂರದಲ್ಲಿ ನಿಂತಿತು. ಸಣ್ಣ ತೆರೆಯೊಂದು ತೆಪ್ಪವನ್ನು ಎತ್ತಿ ಇಳಿಸಿತು.

"ಏನಾತ್ರಿ, ಕೆಟ್ಟಿತೇನ?" ಎಂದ ಒಬ್ಬ ಗಿರಾಕಿ.

"ಹುಟ್ಟು ಇಳಸ, ತಂಗೀ," ಎಂದ ಮಾಲತೇಶ. "ತೆಪ್ಪ ಬಂಡೆಗಲ್ಲಿನ ಕಡೆ ಹೊಂಟೈತಿ. ಇಳಸ."

"ಇವತ್ತು ಕಂಡಿತೇನಣ್ಣಾ?"

ಅವಳು ಜೋರಾಗಿ ಕೇಳಿರಲಿಲ್ಲ. ಆದರೆ ಎಂಜಿನ್ ನಿಂತ ಹೊಳೆಯ ಮೇಲೆ ಮಾತು ದಂಡೆಯವರೆಗೂ ಹೋಗುತ್ತದೆ. ಮಾಲತೇಶ ದಂಡೆಯ ಕಡೆ ನೋಡಿದ. ಎಲ್ಲರೂ ನಿಂತಿದ್ದರು, ಕಟ್ಟೆಯ ಮೇಲೆ ಹೇಮಪ್ಪನೂ. ಕಣ್ಣಿಗೆ ಬಿಸಿಲು ಮರೆಮಾಡುವವನಂತೆ ಕೈ ಎತ್ತಿ, ಅರ್ಧಕ್ಕೇ ಇಳಿಸಿದ. ಬಿಸಿಲು ಬೆನ್ನಿಗಿತ್ತು. ಅವನ ನೆರಳು ನೀರಿನ ಮೇಲೆ ಉದ್ದವಾಗಿ ಅವಳ ತೆಪ್ಪದವರೆಗೆ ಬಿದ್ದಿತ್ತು.

"ನಿನ್ನೀನೂ ಕಂಡಿತ್ತು," ಎಂದ.

ಹೊಳಿಯವ್ವ ಹುಟ್ಟು ಇಳಿಸಿ ತೆಪ್ಪವನ್ನು ದಂಡೆಗೆ ತಂದಳು. ಯಾರೂ ಅವಳನ್ನು ತಡೆಯಲಿಲ್ಲ. ಹೇಮಪ್ಪ ಹೆಗಲ ಮೇಲಿನ ಟವಲು ಕೊಡವಿ ಕಟ್ಟೆ ಇಳಿದು ಹೋದರು. ಡಾಕಪ್ಪ ತನ್ನ ಸರಿಯಿದ್ದ ಎಡಗೈಯಲ್ಲೇ ತೆಪ್ಪದ ಅಂಚು ಹಿಡಿದು ನಿಂತ. ಹೆಂಗಸರು ಹತ್ತಿದರು. "ಅತ್ತಾಗ ಸರೀರೇ, ಆಯಿ ಜಾಗಾ ಅದು," ಎನ್ನುತ್ತ ಸುಧಾರಾಣಿ ನಡುವಿನ ಜಾಗವನ್ನು ಖಾಲಿ ಬಿಡಿಸಿದಳು.

ಅಷ್ಟರಲ್ಲಿ ಮಾಲತೇಶ ಉದ್ದನೆಯ ಗಳವೊಂದನ್ನು ನೀರಿಗೆ ಊರಿ, ಎಂಜಿನ್ ಹಚ್ಚದೆ, ಒಗೆಯುವ ಕಲ್ಲುಗಳ ಪಕ್ಕದಲ್ಲಿ ಬೋಟನ್ನು ನೂಕಿಕೊಂಡು ಬರುತ್ತಿದ್ದ. ಗಿರಾಕಿಗಳು ಗೊಣಗುತ್ತಿದ್ದರು. ಕಲ್ಲಿನ ಮೇಲೆ ಇಟ್ಟ ಸೋಪು ಕೂಡ ಅಲುಗಲಿಲ್ಲ.

ತೆಪ್ಪದ ಸಮೀಪ ಬಂದಾಗ ತಲೆ ತಗ್ಗಿಸಿಯೇ ಹೇಳಿದ. "ಇನ್ನಮ್ಯಾಲ ನಿಲ್ಲಸ್ತೇನಿ, ತಂಗೀ."

ಹೆಂಗಸರೆಲ್ಲ, ಬೋಟು ಬಂದ ದಿನದಂತೆಯೇ, ಹೊಳಿಯವ್ವನ ಮುಖ ನೋಡಿದರು.

ಅವಳು ಬೋಟಿನ ಕಡೆಗೇ ತಿರುಗಿ ಕೂತಳು. ಹುಟ್ಟು ನೀರಿಗೆ ಹಾಕಿದಳು. ಆಚೆ ದಂಡೆ ಮುಟ್ಟುವವರೆಗೂ ಬೋಟಿನ ಮೇಲಿನ ಕಣ್ಣು ತೆಗೆಯಲಿಲ್ಲ.