ಕೊನೆಯ ಹಾಡು ಬಿಡಬಹುದು

"ರೀ, ಸ್ವಲ್ಪ ಇಲ್ಲಿ ಬನ್ನಿ. ಇದು ನಿಮ್ಮ ಕೆಮ್ಮೇ ಅಲ್ವಾ?"

ಹೆಂಡತಿ ಅಡುಗೆಮನೆಯಿಂದ ಕೂಗಿದಾಗ ಅವನು ಅರ್ಧ ಗಡ್ಡ ಹೆರೆದು ಕನ್ನಡಿಯ ಮುಂದೆ ನಿಂತಿದ್ದ. ಭಾನುವಾರದ ಬೆಳಿಗ್ಗೆ. ಇನ್ನೊಂದು ಕೆನ್ನೆಯಲ್ಲಿ ನೊರೆ ಹಾಗೇ ಇಟ್ಟುಕೊಂಡು ಬಂದ. ತೊಳೆದ ಪಾತ್ರೆಗಳೆಲ್ಲ ಬೋರಲಾಗಿ ನೀರು ಸೋರಿಸುತ್ತಿದ್ದವು. ಕಿಟಕಿಯ ಕಟ್ಟೆಯ ಮೇಲೆ ಪ್ಲೇಯರ್ ಓಡುತ್ತಿತ್ತು, ಅವಳು ಒದ್ದೆ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ಅದರ ಮುಂದೆ ನಿಂತಿದ್ದಳು.

"ಯಾವ ಕೆಮ್ಮು?"

"ನಿನ್ನೆ ರೇಡಿಯೋದಲ್ಲಿ ನೀವೇ ಹೇಳಿದ್ರಲ್ಲ, ಕೊನೇ ಹಾಡು ಹಾಕ್ಕೊಂಡು ಪಾತ್ರೆ ತೊಳೀರಿ, ಎರಡೂ ಒಟ್ಟಿಗೆ ಮುಗಿಯುತ್ತೆ ಅಂತ. ನೋಡೇ ಬಿಡೋಣ ಅಂತ ಹಾಕ್ದೆ. ಪಾತ್ರೆ ಯಾವಾಗಲೋ ಮುಗೀತು. ಹಾಡು ಬಿಟ್ಟು ಹೋಗೋಕಾಗ್ಲಿಲ್ಲ. ತಡೀರಿ, ಹಿಂದಕ್ಕೆ ತಿರುಗಿಸ್ತೀನಿ."

ಮೊದಲು ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು. ಯಾರೋ ಏದುಸಿರು ಬಿಡುತ್ತಿದ್ದಾರೆ. ಆಮೇಲೆ ಕೆಮ್ಮು, ಗಂಟಲು ಸರಿಮಾಡಿಕೊಂಡ ಹಾಗೆ ಒಂದು, ಅದರ ಬಾಲಕ್ಕೆ ಇನ್ನೊಂದು. ಅನುಮಾನವೇ ಇಲ್ಲ. ಅವನದ್ದೇ. "ಅಣ್ಣ, ಮೆಲ್ಲಗೆ," ಎಂದಿತು ತಂಗಿಯ ದನಿ, "ತಿರುವು ಬಂತು." ಭಾರವಾದದ್ದೇನನ್ನೋ ಮೆಟ್ಟಿಲ ಮೇಲೆ ಇಳಿಸಿದ ಸದ್ದು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ, ಕೆಳಗೆ ಬೀದಿಯಲ್ಲಿ ಗಾಡಿಗಳು ಓಡಾಡುವುದು ಬಿಟ್ಟರೆ. ಮತ್ತೆ ಒಬ್ಬ ಗಂಡಸು ಅಳುವುದು ಕೇಳಿಸಿತು. ಬಾಯಿ ಮುಚ್ಚಿಕೊಂಡು, ತಡೆಯಲು ನೋಡಿ, ಆಗದೆ ಅಳುವ ಅಳು. ಅದರ ಅಡಿಯಿಂದ ಗಿಟಾರಿನ ಒಂದೇ ಒಂದು ತಂತಿ ಎದ್ದು ಬಂತು, ಕೈ ಹಿಡಿದುಕೊಳ್ಳಲೋ ಬೇಡವೋ ಎಂದು ಅನುಮಾನಿಸುವ ಹಾಗೆ.

ಅವನ ಕೆನ್ನೆಯ ನೊರೆ ಒಣಗಿ ಚರ್ಮ ಬಿಗಿಯುತ್ತಿತ್ತು.

"ಅತ್ತೆ ಹೋದ್ಮೇಲೆ ಅವರ ಮನೆ ಖಾಲಿ ಮಾಡಿದ ದಿನ ಅಲ್ವಾ ಇದು?" ಎಂದಳು ಹೆಂಡತಿ. ಅವನು ತಲೆ ಆಡಿಸಿದ. ಅವಳು ಅವನ ಮುಖವನ್ನೇ ನೋಡಿದಳು. "ನೀವು ಇದನ್ನ ಕೇಳೇ ಇರ್ಲಿಲ್ಲ."

"ಶುರು ಕೇಳಿದ್ದೆ."

"ಶುರು!" ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಆ ಒಂದು ಮಾತಿಗೆ ಏನೆಲ್ಲ ಅರ್ಥ ಎಂದು ಅವಳಿಗೆ ಗೊತ್ತಿತ್ತು.

ಪುಣ್ಯಾತ್ಮನ ಕೆಲಸದ ರೀತಿಯೇ ಅದು. ಪ್ರತಿ ಶನಿವಾರ ಸಂಜೆ ರೇಡಿಯೋದಲ್ಲಿ ಅವನದ್ದೊಂದು ಕಾರ್ಯಕ್ರಮ. ಹೊಸ ಆಲ್ಬಮ್ ಒಂದನ್ನು ತೆಗೆದುಕೊಂಡು, ಅದರಲ್ಲಿ ಯಾವ ಮೂರು ಹಾಡು ಕೇಳಬೇಕು, ಯಾವುದನ್ನು ಬಿಡಬಹುದು ಎಂದು ಹೇಳುವುದು. ಜನ ಅವನಿಗೆ ಮೂರ್ಹಾಡು ಎಂದೇ ಹೆಸರಿಟ್ಟಿದ್ದರು. ರಾಕ್ ಬ್ಯಾಂಡಿನವರೂ, ಬಾಗಿಲು ಬಕೆಟ್ಟುಗಳಲ್ಲಿ ಸದ್ದು ಹುಡುಕುವ ಪ್ರಯೋಗದವರೂ ಸೇರಿ ಮಾಡಿದ ಆಲ್ಬಮ್ಮುಗಳೆಂದರೆ ಅವನಿಗೆ ಹಬ್ಬ, ಬಾಯಿಗೆ ಬಂದ ಹಾಗೆ ತಮಾಷೆ ಮಾಡಬಹುದಲ್ಲ! ಆದರೆ ವಾರ ವಾರ ಬಂದು ಬೀಳುವ ಆಲ್ಬಮ್ಮುಗಳ ರಾಶಿಯಲ್ಲಿ ಎಲ್ಲವನ್ನೂ ಪೂರ್ತಿ ಕೇಳುತ್ತಾ ಕೂತರೆ ಬದುಕುವುದು ಯಾವಾಗ? ಒಂದೊಂದು ಹಾಡಿನದ್ದೂ ಮೊದಲ ನಿಮಿಷ ಕೇಳುತ್ತಿದ್ದ, ಅಷ್ಟೇ. "ನಿಮಿಷದೊಳಗೆ ಬಾಗಿಲು ತೆಗೀದ ಹಾಡು ಆಮೇಲೂ ತೆಗಿಯಲ್ಲ" ಎಂದು ಸ್ನೇಹಿತರ ಹತ್ತಿರ ಕೊಚ್ಚಿಕೊಂಡೂ ಇದ್ದ. ರೇಡಿಯೋದಲ್ಲಿ ಮಾತ್ರ ಈ ಗುಟ್ಟು ಬಿಟ್ಟಿರಲಿಲ್ಲ.

ಈ ಸಲದ ಆಲ್ಬಮ್ ತಂಗಿಯದ್ದು. ಖಾಲಿ ಕುರ್ಚಿಗಳ ಮುಂದೆ ವರ್ಷಗಟ್ಟಲೆ ತಗಡು, ತಂತಿ, ಮುರಿದ ಫ್ಯಾನು ನುಡಿಸಿಕೊಂಡಿದ್ದವಳನ್ನು ಒಂದು ಹೆಸರಾದ ಬ್ಯಾಂಡು ಕರೆದು ಜೊತೆಗೆ ಕೂರಿಸಿಕೊಂಡಿತ್ತು. ಬ್ಯಾಂಡಿನ ಗಿಟಾರಿಗನ ಅಡ್ಡಹೆಸರು ಗುಡುಗು. ಡಿಸ್ಕ್ ಕೊಡಲು ಬಂದ ತಂಗಿ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ್ದಳು: "ಹೊಗಳು ಅಂತಿಲ್ಲ ಅಣ್ಣ. ಬೈದ್ರೂ ಸರಿ. ಕೊನೇದನ್ನ ಮಾತ್ರ ಪೂರ್ತಿ ಕೇಳು." ಅವನು "ಆಯ್ತಮ್ಮಾ" ಎಂದಿದ್ದ. ಎಂದು, ಮರೆತಿದ್ದ.

ಮರೆತಿದ್ದ ಎನ್ನುವುದೂ ಸುಳ್ಳು. ತಂಗಿಯನ್ನು ಮೇಲೆತ್ತಿದ ಎಂದು ಯಾರಾದರೂ ಆಡಿಕೊಂಡಾರು ಎಂಬ ಭಯ ಅವನಿಗೆ. ಹಾಗಾಗಿ ಎಲ್ಲಿ ಕುಟುಕಬೇಕೆಂದು ಮೈಕಿನ ಮುಂದೆ ಕೂರುವ ಮೊದಲೇ ತೀರ್ಮಾನಿಸಿಕೊಂಡಿದ್ದ. "ಲಿಫ್ಟ್ ಕೆಟ್ಟಿದೆ" ಹಾಡು ಕೇಳಿ, ಡ್ರಮ್ಮು ಮೆಟ್ಟಿಲು ಹತ್ತಿಕೊಂಡು ಬರುತ್ತೆ ಎಂದ. "ಹಲ್ಲುನೋವು" ಕೇಳಿ, ಗಿಟಾರೂ ತಗಡೂ ಜಗಳ ಆಡಿ ರಾಜಿಯಾಗೋದು ಅದರಲ್ಲೇ ಎಂದ. "ಎರಡನೇ ಶಿಫ್ಟು" ಅಂತೂ ಬಿಡಲೇಬೇಡಿ ಎಂದ. ಮೂರೂ ನಿಜಕ್ಕೂ ಒಳ್ಳೆಯ ಹಾಡುಗಳೇ. "ಇನ್ನು ಕೊನೇದು, 'ಬೀರು'. ಪಾಪ, ಯಾರದೋ ಬಾಗಿಲಿಗೆ ಎಣ್ಣೆ ಬಿಟ್ಟಿಲ್ಲ. ಮನೆ ಖಾಲಿ ಮಾಡೋವಾಗ ಮೈಕು ಆಫ್ ಮಾಡೋದು ಮರೆತ್ರೋ ಏನೋ. ಹಾಕ್ಕೊಂಡು ಪಾತ್ರೆ ತೊಳೀರಿ, ಎರಡೂ ಒಟ್ಟಿಗೆ ಮುಗಿಯುತ್ತೆ." ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಆ ಬಾಗಿಲು ಅಮ್ಮನ ಬೀರುವಿನದ್ದು. ಅಮ್ಮ ನರ್ಸ್. ಡ್ಯೂಟಿ ಮುಗಿಸಿ ಬಂದವಳು ಮೊದಲು ಬೀರು ತೆಗೆದು ಸಮವಸ್ತ್ರ ನೇತುಹಾಕುತ್ತಿದ್ದಳು. ಕೀಲು ನರಳುವುದು ಕೇಳಿದರೆ ಸಾಕು, ಒಳಕೋಣೆಯಲ್ಲಿ ಜಗಳ ಆಡುತ್ತಿದ್ದ ಅಣ್ಣ ತಂಗಿ ಗಪ್‌ಚಿಪ್. ಬಾಲ್ಯವಿಡೀ ಕೇಳಿದ ಆ ಸದ್ದನ್ನು ಮೊನ್ನೆ ಒಂದು ನಿಮಿಷ ಪೂರ್ತಿ ಕೇಳಿಯೂ ಅವನಿಗೆ ಗುರುತು ಸಿಕ್ಕಿರಲಿಲ್ಲ.

"ಹೋಗಿ ಹೇಳಿ ಅವಳಿಗೆ," ಎಂದಳು ಹೆಂಡತಿ. "ಗಡ್ಡ ಪೂರ್ತಿ ಮಾಡ್ಕೊಂಡು ಹೋಗಿ."

ಬ್ಯಾಂಡಿನ ಅಭ್ಯಾಸದ ಕೋಣೆ ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಹಳೆ ಹಾಸಿಗೆ ಹೊಡೆದಿದ್ದರು. ಅವನು ಒಳಗೆ ಕಾಲಿಡುತ್ತಿದ್ದಂತೆ ಗುಡುಗು ಓಡಿ ಬಂದು ಕೈ ಹಿಡಿದು ಕುಲುಕಿದ.

"ಸಾರ್, ಏನ್ ಕಾರ್ಯಕ್ರಮ ಸಾರ್! ನೀವು ಹೇಳಿದ ಮೂರನ್ನೇ ಎಲ್ರೂ ಹುಡುಕ್ಕೊಂಡು ಕೇಳ್ತಿದಾರೆ. ಶುಕ್ರವಾರದ ಶೋ ಟಿಕೆಟ್ ಎಲ್ಲಾ ಖಾಲಿ!" ಆಮೇಲೆ ದನಿ ಇಳಿಸಿದ. "ಕೊನೇದನ್ನ ಶೋನಿಂದ ತೆಗೆದ್ವಿ. ನಾನು ತೆಗೀಬೇಡಿ ಅಂದೆ ಸಾರ್. ನನಗೆ ಅದೇ ಜೀವ. ಆದ್ರೆ ಅಕ್ಕನೇ ಹಟ ಹಿಡಿದ್ರು."

ತಂಗಿ ಮೂಲೆಯಲ್ಲಿ ವೈರು ಸುತ್ತುತ್ತಿದ್ದಳು. ಪಕ್ಕದಲ್ಲಿ ಅಮ್ಮನ ಬೀರು. ಬಾಗಿಲು ಬಡಿಯದಂತೆ ಹಗ್ಗ ಕಟ್ಟಿತ್ತು, ಮೈಕು ಅಂಟಿಸಿದ್ದ ಜಾಗಗಳಲ್ಲಿ ಟೇಪಿನ ಗುರುತು ಇನ್ನೂ ಇತ್ತು.

"ಬಂದ್ಯಾ," ಎಂದಳು. ತಲೆ ಎತ್ತಲಿಲ್ಲ. ಗುಡುಗು ಸಿಗರೇಟಿನ ನೆಪದಲ್ಲಿ ಹೊರಗೆ ಹೋದ. ಅವನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತಿಗೆ ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಶುರು ಮಾಡಿದಳು.

"ನಂದೇ ತಪ್ಪು ಅಣ್ಣ. ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು. ಪೂರ್ತಿ ಕೇಳು ಅಂತ ಡಿಸ್ಕ್ ಕೊಟ್ಟುಬಿಟ್ರೆ ನಿನ್ನ ಒಪ್ಪಿಗೆ ಕೇಳಿದ ಹಾಗೇ ಅಂದ್ಕೊಂಡೆ. ನಿನ್ನ ಅಳು ನೀನೇ ರೇಡಿಯೋದವನಾಗಿ ಕೇಳಬೇಕಾಗಿ ಬಂದ್ರೆ ಹೇಗಿರುತ್ತೆ ಅಂತ ಯೋಚನೆ ಮಾಡ್ಲಿಲ್ಲ ನೋಡು, ನನ್ನ ಬುದ್ಧಿಗಿಷ್ಟು." ವೈರನ್ನು ಮೊಣಕೈಗೆ ಬಿಗಿಯಾಗಿ ಎಳೆದಳು. "ನೀನು ಹಾಗೆ ತಮಾಷೆ ಮಾಡಿದಾಗ ಮೊದಲು ಉರಿದುಹೋಯ್ತು. ಆಮೇಲೆ ಹೊಳೀತು. ಎಷ್ಟು ನೊಂದಿದ್ರೆ ಮನೆ ಖಾಲಿ ಮಾಡಿದ್ದನ್ನೇ ನಗೆಪಾಟಲು ಮಾಡಿರ್ತಾನೆ ಅಂತ. ಇನ್ನು ಅದನ್ನ ಎಲ್ಲೂ ನುಡಿಸಲ್ಲ. ಕ್ಷಮಿಸಿಬಿಡು."

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೇ ಇತ್ತು ಬೇರೆ! ಆದರೆ ತಾನು ಕನಸಲ್ಲೂ ಎಣಿಸದ ದೊಡ್ಡತನವೊಂದನ್ನು ತಂಗಿ ಹೊಲಿದು ತಂದು ತೊಡಿಸುತ್ತಿದ್ದಳು. ಅಳತೆಯೂ ಸರಿಯಾಗಿತ್ತು. ಕೇಳದೆ ನಕ್ಕವನಿಗಿಂತ, ಕೇಳಿ ನೊಂದು ನಕ್ಕವನು ಎಷ್ಟೋ ಮೇಲಲ್ಲವೇ.

"ಹೋಗ್ಲಿ ಬಿಡು," ಎಂದ ಅವನು.

ಅವಳ ಭುಜ ಸಡಿಲವಾಯಿತು. ಅದನ್ನು ನೋಡಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಹಾಗಾದ್ರೆ ಒಂದು ಕೈ ಹಾಕು," ಎಂದಳು, ದನಿಯಲ್ಲಿ ಹಳೆಯ ಸಲಿಗೆ ಬಂದಿತ್ತು. "ಕೆಳಗೆ ಟೆಂಪೋ ಬಂದಿದೆ. ಹಾಡೇ ಇಲ್ಲ ಅಂದ್ಮೇಲೆ ಇದನ್ನ ಇಲ್ಲಿ ಇಡೋಕೆ ಕಟ್ಟಡದ ಯಜಮಾನ ಬಿಡಲ್ಲ. ನನ್ನ ಕೋಣೆಯಲ್ಲಿ ನನಗೇ ಜಾಗ ಇಲ್ಲ. ಗುಜರಿಯವನು ತಗೋತೀನಿ ಅಂದ."

"ಗುಜರಿಗಾ?"

"ಇನ್ನೇನು ತಲೆ ಮೇಲೆ ಹೊತ್ಕೊಂಡು ತಿರುಗಲಾ?" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಬೀರುವಿನ ಬದಿಯನ್ನು ಅಂಗೈಯಿಂದ ಒಮ್ಮೆ ಒರೆಸಿ, ಬಗ್ಗಿ ಹಿಡಿದಳು.

ಇಬ್ಬರೂ ಎತ್ತಿದರು. ಅವನು ಕೆಳಗಡೆ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ. ಅವಳು ಮೇಲೆ. ನಡುವೆ ಬೀರು ಅಡ್ಡವಾಗಿ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಂತಾಯಿತು. ಕಬ್ಬಿಣ ಗೋಡೆಗೆ ಉಜ್ಜಿ ಸುಣ್ಣ ಉದುರಿತು. ಬೆಳಿಗ್ಗೆ ಅಡುಗೆಮನೆಯಲ್ಲಿ ಕೇಳಿದ ಅದೇ ಸದ್ದು. ಧೂಳಿಗೆ ಅವನಿಗೆ ಕೆಮ್ಮು ಬಂತು, ಅದರ ಬಾಲಕ್ಕೆ ಇನ್ನೊಂದು.

"ಅಣ್ಣ, ಮೆಲ್ಲಗೆ," ಎಂದಳು ಆಚೆಯಿಂದ. "ತಿರುವು ಬಂತು."

ಅವನ ಕಾಲು ನಿಂತುಬಿಟ್ಟಿತು. ಬೀರು ತಿರುವಿನಲ್ಲಿ ಸಿಕ್ಕಿಕೊಂಡಿತು. ಕೆಳಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ.

"ಯಾಕೋ, ಏನಾಯ್ತು? ಕೈ ಜಾರ್ತಿದ್ಯಾ?"

"ನಾನು ಕೇಳಿರ್ಲಿಲ್ಲ," ಎಂದ ಅವನು ಕಬ್ಬಿಣಕ್ಕೆ.

"ಏನು?"

"ನಿನ್ನ ಹಾಡು. ಮೊದಲ ನಿಮಿಷ ಕೇಳಿ ನಿಲ್ಲಿಸಿದ್ದೆ. ನೊಂದೂ ಇರ್ಲಿಲ್ಲ, ಏನೂ ಇರ್ಲಿಲ್ಲ. ಜನ ನಗಲಿ ಅಂತ ಹೇಳಿದ್ದು. ಇವತ್ತು ಬೆಳಿಗ್ಗೆ ಇವಳು ಕೇಳಿಸಿದ್ಲು." ಮಾತು ಶುರುವಾದ ಮೇಲೆ ನಿಲ್ಲಲಿಲ್ಲ. "ಎಲ್ಲಾ ಹಾಡೂ ಹಾಗೇ ಮಾಡೋದು ನಾನು. ಅಮ್ಮನ ಬೀರು ಅಂತ ಗೊತ್ತೇ ಆಗ್ಲಿಲ್ಲ ಕಣೇ ನನಗೆ. ಬಾಗಿಲಿನ ಸದ್ದು ಗೊತ್ತಾಗ್ಲಿಲ್ಲ."

ಹಾರ್ನ್ ಮತ್ತೆ ಕೂಗಿ ಸುಮ್ಮನಾಯಿತು.

"ಮೇಲೆ ಕೋಣೆಯಲ್ಲಿ," ಎಂದಳು ತಂಗಿ ಕೊನೆಗೆ, ತೀರಾ ಸಣ್ಣ ದನಿಯಲ್ಲಿ, "ನಾನು ನಿನ್ನ ಹತ್ರ ಕ್ಷಮೆ ಕೇಳ್ದೆನಲ್ಲ. ಆಗ ಹೋಗ್ಲಿ ಬಿಡು ಅಂದ್ಯಲ್ಲ."

"ಹೂಂ."

ಬೀರು ಸ್ವಲ್ಪ ಅಲುಗಿತು. ಅವಳ ಬದಿಯ ಭಾರ ನಿಧಾನವಾಗಿ ಅವನ ಕಡೆಗೆ ಸರಿಯಿತು, ಮೇಲಿನ ಮೆಟ್ಟಿಲಲ್ಲಿ ಅವಳು ಕೂತಂತಿತ್ತು. ಅವನು ಮೊಣಕಾಲು ಒತ್ತಿಕೊಟ್ಟು ತಡೆದ. ಹಗ್ಗ ಸಡಿಲಾಗಿ ಕೀಲು ಒಮ್ಮೆ ನರಳಿತು. ಆಮೇಲೆ ಕಬ್ಬಿಣ ಸಣ್ಣಗೆ ನಡುಗತೊಡಗಿತು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಇಲ್ಲಿಂದ ತಿಳಿಯುವಂತಿರಲಿಲ್ಲ. ಅವನ ಬೆರಳುಗಳು ಜೋಮು ಹಿಡಿದಿದ್ದವು, ತೋಳು ಉರಿಯುತ್ತಿತ್ತು. ಇಳಿಸಬಹುದಿತ್ತು, ಇಳಿಸಲಿಲ್ಲ. ಕೆನ್ನೆಯನ್ನು ತಣ್ಣಗಿನ ಬೀರುವಿಗೆ ಒತ್ತಿ, ಕಿವಿ ಇಟ್ಟು, ಅದು ಮುಗಿಯುವವರೆಗೂ ಕೇಳುತ್ತಾ ನಿಂತ.